ಜಾಮೀನು ಬೇರೆ, ಖುಲಾಸೆ ಬೇರೆ

(ತಾಲ್ಲೂಕಿನ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಕಾನೂನು ಅರಿವು ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಿಗ್ಗೆ ಅಡುಗೆ, ಕೊಟ್ಟಿಗೆ ಕೆಲಸ, ಮಕ್ಕಳ ಬುತ್ತಿ ಎಲ್ಲ ಮುಗಿಸಿ, ಒಂದು ದಿನದ ಕೂಲಿ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ನಿಮ್ಮ ಹೊತ್ತು ವ್ಯರ್ಥವಾಗದಂತೆ ಮಾತಾಡುವುದು ನನ್ನ ಜವಾಬ್ದಾರಿ. ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲೆಯಲ್ಲ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಸಂವಿಧಾನದ 21ನೇ ವಿಧಿ ಜೀವಕ್ಕೂ ಸ್ವಾತಂತ್ರ್ಯಕ್ಕೂ ರಕ್ಷಣೆ ಕೊಡುತ್ತದೆ ಎಂದು ವರ್ಷ ವರ್ಷವೂ ಮಕ್ಕಳಿಗೆ ಟಿಪ್ಪಣಿ ಬರೆಸಿದ್ದೇನೆ. ಆದರೆ ಜಾಮೀನು ಎಂದರೇನು ಎಂಬುದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಒಂದು ತಪ್ಪು ಮಾಡಿ ಕಲಿತೆ. ಆ ತಪ್ಪನ್ನೂ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಹೋದ ತಿಂಗಳು ಒಂದು ಸಂಘದ ಸಭೆಗೆ ಹೋಗಿದ್ದೆ. ಉಳಿತಾಯದ ಹಣ ಎಣಿಸಿ, ಪುಸ್ತಕದಲ್ಲಿ ಬರೆದು ಮುಗಿಯುವವರೆಗೆ ಮಾತಾಡದೆ ಕುಳಿತಿದ್ದ ಒಬ್ಬ ತಾಯಿ ಆಮೇಲೆ ಬಾಯಿ ಬಿಟ್ಟರು. ಅವರ ಮಗಳನ್ನು ಇನ್ನೂ ಒಂದು ಲಕ್ಷ ತಾ ಎಂದು ಹೊಡೆದು ಮನೆಯಿಂದ ಹೊರಗೆ ಹಾಕಿದ್ದರು. ದೂರು ಕೊಟ್ಟ ಮೇಲೆ ಪೊಲೀಸರು ಅಳಿಯನನ್ನು ಹಿಡಿದುಕೊಂಡು ಹೋದರು. ಐದೇ ದಿನಕ್ಕೆ ಅವನು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕಾಣುವಂತೆ ನಿಂತಿದ್ದ. ಆ ತಾಯಿ ಹೇಳಿದ ಮಾತು ಇದು: “ಐವತ್ತು ಸಾವಿರ ಕಟ್ಟಿ ಬಂದನಂತೆ ಮೇಡಂ. ಜಡ್ಜೇ ಬಿಟ್ಟ ಮೇಲೆ ಇನ್ನೇನು ಕೇಸು? ನಾವೂ ರಾಜಿ ಮಾಡಿಕೊಂಡು ಮಗಳನ್ನ ಕಳಿಸಿಬಿಡ್ತೀವಿ.”

ಈ ಮಾತಿನಲ್ಲಿ ಮೂರು ತಪ್ಪು ತಿಳಿವಳಿಕೆಗಳಿವೆ. ಅವನು ದುಡ್ಡು ಕಟ್ಟಿದ ಎಂಬುದು ಒಂದು. ನ್ಯಾಯಾಧೀಶರು ಅವನನ್ನು ತಪ್ಪಿಲ್ಲವೆಂದು ಬಿಟ್ಟರು ಎಂಬುದು ಎರಡು. ಕೇಸು ಮುಗಿಯಿತು ಎಂಬುದು ಮೂರು. ಈ ಮೂರು ತಪ್ಪು ತಿಳಿವಳಿಕೆಗಳಿಂದಾಗಿ ಒಬ್ಬ ಹೆಣ್ಣುಮಗಳು ಹೊಡೆದವನ ಮನೆಗೇ ತಿರುಗಿ ಹೋಗಲು ಸಿದ್ಧಳಾಗಿದ್ದಳು. ಆದ್ದರಿಂದಲೇ ಇವತ್ತು ಈ ವಿಷಯ ಆರಿಸಿಕೊಂಡೆ.

ಸಂಘದ ಜಾಮೀನು, ಕೋರ್ಟಿನ ಜಾಮೀನು

ನಿಮಗೆ ಗೊತ್ತಿರುವ ಮಾತಿನಿಂದಲೇ ಶುರು ಮಾಡೋಣ. ಒಬ್ಬ ಸದಸ್ಯೆ ಹಸು ಕೊಳ್ಳಲು ಸಾಲ ಕೇಳುತ್ತಾಳೆ. ಇನ್ನಿಬ್ಬರು ಜಾಮೀನು ನಿಲ್ಲುತ್ತಾರೆ. ಅವಳು ಕಂತು ಕಟ್ಟದಿದ್ದರೆ ಆ ಇಬ್ಬರು ಹೊಣೆ. ಇಲ್ಲಿ ಜಾಮೀನು ಇರುವುದು ಹಣಕ್ಕೆ. ಕೋರ್ಟಿನಲ್ಲಿ ಜಾಮೀನು ಇರುವುದು ಮನುಷ್ಯನಿಗೆ. “ಈತ ಕರೆದ ದಿನ ಬರುತ್ತಾನೆ, ಓಡಿಹೋಗುವುದಿಲ್ಲ” ಎಂಬುದಕ್ಕೆ ಕೊಡುವ ಭರವಸೆ ಅದು. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ಇರುವುದರಿಂದ ನಮಗೆ ಗೊಂದಲವಾಗುತ್ತದೆ.

ಪೊಲೀಸರು ಒಬ್ಬನನ್ನು ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಗ ಅವರು ಅವನನ್ನು ಜೈಲಿಗೆ ಕಳಿಸಬಹುದು, ಇಲ್ಲವೇ ಜಾಮೀನಿನ ಮೇಲೆ ಬಿಡಬಹುದು. ತಪ್ಪು ಮಾಡಿದ್ದಾನೆಯೇ ಇಲ್ಲವೇ ಎಂಬುದು ಆ ದಿನ ತೀರ್ಮಾನವಾಗುವುದೇ ಇಲ್ಲ. ಅದು ತೀರ್ಮಾನವಾಗುವುದು ಸಾಕ್ಷಿ ವಿಚಾರಣೆ ಎಲ್ಲ ಮುಗಿದ ಮೇಲೆ. ಆಗ ತಪ್ಪಿಲ್ಲವೆಂದು ಬಿಟ್ಟರೆ ಅದಕ್ಕೆ ಖುಲಾಸೆ ಎನ್ನುತ್ತಾರೆ. ಜಾಮೀನು ಸಿಕ್ಕಿದವನು ಇನ್ನೂ ಆರೋಪಿಯೇ. ಅವನ ಕೇಸು ಹಾಗೆಯೇ ನಡೆಯುತ್ತಿರುತ್ತದೆ.

ಇನ್ನು ದುಡ್ಡಿನ ಮಾತು. ಕೋರ್ಟು “50,000 ರೂಪಾಯಿಯ ಬಾಂಡು, ಒಬ್ಬ ಜಾಮೀನುದಾರ” ಎಂದು ಆದೇಶ ಮಾಡುತ್ತದೆ. ಬಾಂಡು ಎಂದರೆ ಮುಚ್ಚಳಿಕೆ ಪತ್ರ. “ಕರೆದಾಗ ಬರದಿದ್ದರೆ ಇಷ್ಟು ಹಣ ಸರ್ಕಾರಕ್ಕೆ ಕಟ್ಟುತ್ತೇನೆ” ಎಂದು ಆರೋಪಿ ಬರೆದುಕೊಡುತ್ತಾನೆ. ಜಾಮೀನುದಾರನೂ ಅದೇ ರೀತಿ ಬರೆದುಕೊಡುತ್ತಾನೆ. ಸಾಮಾನ್ಯವಾಗಿ ಆ ದಿನ ಆ ಹಣವನ್ನು ಯಾರೂ ಕಟ್ಟುವುದಿಲ್ಲ. ಕೆಲವು ಸಲ ಜಾಮೀನುದಾರರ ಬದಲು ನಗದು ಠೇವಣಿ ಇಡಲು ಕೋರ್ಟು ಒಪ್ಪಬಹುದು. ಅದೂ ಠೇವಣಿಯೇ, ದಂಡವಲ್ಲ. ಆದ್ದರಿಂದ “ಕಟ್ಟಿ ಬಂದ” ಎಂಬ ಮಾತು ಕೇಳಿದರೆ ಹೆದರಬೇಡಿ. ದುಡ್ಡಿದ್ದವನು ನ್ಯಾಯವನ್ನೇ ಕೊಂಡುಕೊಂಡ ಎಂದುಕೊಂಡು ಮನೆಗೆ ಹೋಗಬೇಡಿ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಜಾಮೀನುದಾರರಿಲ್ಲದೆ ಆರೋಪಿ ತಾನೊಬ್ಬನೇ ಬರೆದುಕೊಡುವುದನ್ನು ಈ ಕಾನೂನು ‘ಬಾಂಡ್’ ಎನ್ನುತ್ತದೆ. ಜಾಮೀನುದಾರರೂ ಸೇರಿ ಬರೆದುಕೊಟ್ಟರೆ ಅದು ‘ಬೇಲ್ ಬಾಂಡ್’. ಕೋರ್ಟಿನ ಕಾಗದದಲ್ಲಿ ಈ ಮಾತುಗಳು ಕಂಡರೆ ಈಗ ನಿಮಗೆ ಅರ್ಥವಾಗುತ್ತದೆ.

ಯಾವ ಅಪರಾಧಕ್ಕೆ ಯಾವ ಜಾಮೀನು

ಕಾನೂನಿನಲ್ಲಿ ಎರಡು ಬಗೆಯ ಅಪರಾಧಗಳಿವೆ. ಒಂದು ಜಾಮೀನು ಕೊಡಲೇಬೇಕಾದ ಅಪರಾಧ. ಇಲ್ಲಿ ಜಾಮೀನು ಆರೋಪಿಯ ಹಕ್ಕು, ಠಾಣೆಯಲ್ಲೇ ಸಿಗುತ್ತದೆ. ಇನ್ನೊಂದು ಜಾಮೀನುರಹಿತ ಅಪರಾಧ. ಹೆಸರು ಕೇಳಿ ಜಾಮೀನು ಸಿಗುವುದೇ ಇಲ್ಲ ಎಂದು ತಿಳಿಯುತ್ತೇವೆ. ಅದು ಸರಿಯಲ್ಲ. ಇಲ್ಲಿ ಜಾಮೀನು ಕೇಳಿದ ಕೂಡಲೇ ಸಿಗುವ ಹಕ್ಕಲ್ಲ, ಕೊಡಬೇಕೋ ಬೇಡವೋ ಎಂದು ನ್ಯಾಯಾಧೀಶರು ತೂಗಿ ನೋಡುತ್ತಾರೆ, ಅಷ್ಟೆ. ಓಡಿಹೋಗುತ್ತಾನೆಯೇ, ಸಾಕ್ಷಿಗಳನ್ನು ಹೆದರಿಸುತ್ತಾನೆಯೇ, ಅಪರಾಧ ಎಷ್ಟು ಘೋರ ಎಂದೆಲ್ಲ ನೋಡುತ್ತಾರೆ.

ನಮ್ಮ ವಿಷಯಕ್ಕೆ ಬರೋಣ. ಗಂಡ, ಅತ್ತೆ, ಮಾವ, ಮೈದುನರು ಕೊಡುವ ಕ್ರೌರ್ಯಕ್ಕೆ ಹಿಂದೆ 498-ಎ ಎನ್ನುತ್ತಿದ್ದೆವು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಶಿಕ್ಷೆ ಮೂರು ವರ್ಷದವರೆಗೆ, ಜಾಮೀನುರಹಿತ. ಮದುವೆಯಾದ ಏಳು ವರ್ಷದೊಳಗೆ ವರದಕ್ಷಿಣೆಗಾಗಿ ಹಿಂಸೆಗೊಳಗಾದ ಹೆಣ್ಣು ಅಸಹಜವಾಗಿ ಸತ್ತರೆ ಅದು ವರದಕ್ಷಿಣೆ ಸಾವು, ಹಿಂದಿನ 304-ಬಿ, ಈಗಿನ 80ನೇ ಕಲಂ. ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೆ ಹೋಗಬಹುದು. ಅದೂ ಜಾಮೀನುರಹಿತ.

ಆದರೆ ಠಾಣೆಯಲ್ಲಿ ಏನಾಗುತ್ತದೆ? “ಸುಮ್ಮನೆ ಎರಡು ಏಟು ಹೊಡೆದಿದ್ದಾನೆ” ಎಂದು ಬರೆದುಕೊಂಡರೆ ಅದು ಸಾದಾ ಗಾಯದ ಕಲಂಗೆ ಹೋಗುತ್ತದೆ. ಸಾದಾ ಗಾಯಕ್ಕೆ ಜಾಮೀನು ಹಕ್ಕು. ಆದ್ದರಿಂದ ದೂರು ಬರೆಸುವಾಗ ಇವತ್ತಿನ ಏಟನ್ನು ಮಾತ್ರ ಹೇಳಬೇಡಿ. ಮದುವೆಯಲ್ಲಿ ಏನು ಕೇಳಿದರು, ಏನು ಕೊಟ್ಟಿರಿ, ಆಮೇಲೆ ಯಾವಾಗ ಯಾವಾಗ ಏನು ಕೇಳಿದರು, ಎಷ್ಟು ಸಲ ಹೊಡೆದರು, ಯಾರು ನೋಡಿದ್ದಾರೆ, ಎಲ್ಲವನ್ನೂ ಬರೆಸಿ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆಯಾಗಿ ಕೊಡಬೇಕು. ಕೇಳಿ ತೆಗೆದುಕೊಳ್ಳಿ. ಯಾವ ಕಲಂ ಹಾಕಿದ್ದಾರೆಂದು ಓದಿಸಿ ನೋಡಿ. ಜಾಮೀನಿನ ಕಥೆ ಅರ್ಧ ಅಲ್ಲೇ ತೀರ್ಮಾನವಾಗಿರುತ್ತದೆ.

ಇನ್ನೊಂದು ಸಂಗತಿಯನ್ನು ನೀವು ತಿಳಿದಿರಬೇಕು. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ದೂರು ಬಂದ ಮಾತ್ರಕ್ಕೆ ಬಂಧಿಸಬಾರದು, ಬಂಧನ ಏಕೆ ಬೇಕೆಂದು ಪೊಲೀಸರು ಕಾರಣ ಬರೆಯಬೇಕು ಎಂದಿತು. ಆ ತೀರ್ಪಿನಲ್ಲಿ 498-ಎ ದುರುಪಯೋಗವಾಗುತ್ತಿದೆ ಎಂಬ ಮಾತೂ ಬಂತು. ಮಹಿಳಾ ಸಂಘಟನೆಗಳಲ್ಲಿ ದುಡಿದ ನಮ್ಮಂಥವರಿಗೆ ಆ ಮಾತು ನೋವುಂಟು ಮಾಡಿತು. ಆದರೂ ಇವತ್ತು ನಡೆಯುತ್ತಿರುವ ನಿಯಮ ಅದೇ. ಹಲವು ಪ್ರಕರಣಗಳಲ್ಲಿ ಪೊಲೀಸರು ಗಂಡನಿಗೆ ‘ಠಾಣೆಗೆ ಹಾಜರಾಗು’ ಎಂದು ನೋಟಿಸು ಕೊಡುತ್ತಾರೆ, ಬಂಧಿಸುವುದಿಲ್ಲ. ಇನ್ನು ಕೆಲವರು ಬಂಧನಕ್ಕೆ ಮೊದಲೇ ಸೆಷನ್ಸ್ ಕೋರ್ಟಿಗೋ ಹೈಕೋರ್ಟಿಗೋ ಹೋಗಿ ನಿರೀಕ್ಷಣಾ ಜಾಮೀನು ತರುತ್ತಾರೆ. ಹಾಗಾಗಿ ಅವನು ಜೈಲಿಗೆ ಹೋದನೇ ಇಲ್ಲವೇ ಎಂಬುದನ್ನೇ ನಮ್ಮ ಗೆಲುವು ಸೋಲಿನ ಅಳತೆಗೋಲು ಮಾಡಿಕೊಳ್ಳಬಾರದು. ನಮ್ಮ ಹುಡುಗಿ ಸುರಕ್ಷಿತವಾಗಿದ್ದಾಳೆಯೇ, ಕೇಸು ಮುಂದೆ ಹೋಗುತ್ತಿದೆಯೇ ಎಂಬುದು ಅಳತೆಗೋಲಾಗಬೇಕು.

ಆರೋಪಿ ಜೈಲಿನಲ್ಲಿದ್ದಾಗ ಲೆಕ್ಕ ಇಡಬೇಕಾದದ್ದು ದಿನಗಳನ್ನು. ಪೊಲೀಸರು 60 ದಿನದೊಳಗೆ, ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೆರೆ, ಜೀವಾವಧಿ ಅಥವಾ ಮರಣದಂಡನೆಯಂಥ ಘೋರ ಅಪರಾಧಗಳಲ್ಲಿ 90 ದಿನದೊಳಗೆ, ದೋಷಾರೋಪ ಪಟ್ಟಿ ಸಲ್ಲಿಸಬೇಕು. ಸಲ್ಲಿಸದಿದ್ದರೆ ಎಂಥ ಆರೋಪಿಗೂ ಜಾಮೀನು ಕೇಳುವ ಹಕ್ಕು ಬರುತ್ತದೆ. ಮಗಳನ್ನು ಕಳೆದುಕೊಂಡ ಮನೆಯವರು ದುಃಖದಲ್ಲಿ ಈ ಲೆಕ್ಕ ಮರೆಯುತ್ತಾರೆ. ಅವರ ಪರವಾಗಿ ಸಂಘದವರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, 40ನೇ ದಿನದಿಂದಲೇ ಠಾಣೆಗೆ ಹೋಗಿ ವಿಚಾರಿಸಬಹುದು.

ನಾನು ಹಾಕಿದ ಒಂದು ಸಹಿ

ಈಗ ನನ್ನ ತಪ್ಪಿನ ಕಥೆ. ಅದು 2016ರಲ್ಲಿ ನಡೆದದ್ದು. ಒಂದು ಬೆಳಿಗ್ಗೆ ನಮ್ಮ ಎದುರು ಮನೆಯಾಕೆ ಅಳುತ್ತ ಬಂದರು. ಇಪ್ಪತ್ತು ವರ್ಷದ ಒಡನಾಟ. ನನ್ನ ಬಾಣಂತನದಲ್ಲಿ ಮೆಣಸಿನ ಸಾರು ಮಾಡಿ ತಂದುಕೊಟ್ಟವರು. ಸೊಸೆ ದೂರು ಕೊಟ್ಟು ಮಗನನ್ನು ಹಿಡಿಸಿದ್ದಾಳೆ, ಕೋರ್ಟಿನಲ್ಲಿ ಜಾಮೀನು ಆಗಿದೆ, ಒಬ್ಬ ಜಾಮೀನುದಾರರು ಬೇಕು ಎಂದರು. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಲ್ವಾ ಮೇಡಂ. ನೀವು ಒಂದು ಸಹಿ ಹಾಕಿದರೆ ಸಾಕು.”

ಆ ಸೊಸೆ ನನ್ನ ವಿದ್ಯಾರ್ಥಿನಿ. ಮೂರು ವರ್ಷ ನನ್ನ ತರಗತಿಯಲ್ಲಿ ಕುಳಿತವಳು. ಮದುವೆಗೆ ನಾನೇ ಹೋಗಿ ಉಡುಗೊರೆ ಕೊಟ್ಟು ಬಂದಿದ್ದೆ. ಹಾಗಿದ್ದೂ ಅವಳನ್ನು ಒಂದು ಮಾತು ಕೇಳೋಣ ಎಂದು ನನಗೆ ತೋಚಲಿಲ್ಲ. ಮೆಣಸಿನ ಸಾರು ನೆನಪಾಯಿತು, ಹುಡುಗಿ ನೆನಪಾಗಲಿಲ್ಲ.

ಮನೆ ಕಂದಾಯದ ರಸೀದಿ, ಸಂಬಳದ ಪ್ರಮಾಣಪತ್ರ, ಎರಡು ಫೋಟೋ ತೆಗೆದುಕೊಂಡು ಕೋರ್ಟಿಗೆ ಹೋದೆ. ಆರೋಪಿಯನ್ನು ಎಷ್ಟು ವರ್ಷದಿಂದ ಬಲ್ಲಿರಿ, ಬೇರೆ ಯಾರಿಗಾದರೂ ಜಾಮೀನು ನಿಂತಿದ್ದೀರಾ, ಇವನು ಬರದಿದ್ದರೆ 50,000 ಕಟ್ಟುತ್ತೀರಾ ಎಂದು ನ್ಯಾಯಾಧೀಶರು ಕೇಳಿದರು. ಹೂಂ ಎಂದೆ. ಹತ್ತು ನಿಮಿಷದ ಕೆಲಸ.

ಮೂರು ವಾರದ ನಂತರ ಆ ಹುಡುಗಿ ಕಾಲೇಜಿಗೆ ಬಂದಳು. ಸ್ಟಾಫ್ ರೂಮಿನ ಒಳಗೆ ಬರಲಿಲ್ಲ, ಹೊರಗಿನ ಕಂಬದ ಹತ್ತಿರ ನಿಂತಿದ್ದಳು. “ಮೇಡಂ, ನೆನ್ನೆ ರಾತ್ರಿ ಅವರು ನಮ್ಮ ಅಪ್ಪನ ಮನೆಗೆ ಬಂದು ಬಾಗಿಲು ಒದ್ದರು. ಕೇಸು ವಾಪಸು ತಗೊಳ್ಳದಿದ್ದರೆ ನೋಡ್ಕೊಳ್ತೀನಿ ಅಂದರು. ‘ನಿಮ್ಮ ಮೇಡಮ್ಮೇ ನನ್ನ ಕಡೆ ಇದ್ದಾರೆ’ ಅಂದರು. ಹೌದಾ ಮೇಡಂ?” ಇಷ್ಟೇ ಕೇಳಿದ್ದು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಅಂದೇ ಸಂಜೆ ಒಬ್ಬ ವಕೀಲೆಯ ಹತ್ತಿರ ಹೋದೆ. ಅವರು ಹೇಳಿದ ಮೇಲೆ ಗೊತ್ತಾಯಿತು: ಜಾಮೀನುದಾರಳು ಯಾವಾಗ ಬೇಕಾದರೂ ಕೋರ್ಟಿಗೆ ಅರ್ಜಿ ಕೊಟ್ಟು ತನ್ನ ಹೊಣೆಯಿಂದ ಬಿಡಿಸಿಕೊಳ್ಳಬಹುದು. ಆಗ ಕೋರ್ಟು ಆರೋಪಿಯನ್ನು ಹಿಡಿದು ತರಲು ವಾರಂಟು ಹೊರಡಿಸುತ್ತದೆ. ಅವನು ಬೇರೆ ಜಾಮೀನುದಾರರನ್ನು ತರಬೇಕು, ಇಲ್ಲವೇ ಒಳಗೆ ಹೋಗಬೇಕು. ಹೊಸ ಕಾನೂನಿನಲ್ಲೂ 489ನೇ ಕಲಂನಲ್ಲಿ ಈ ಅವಕಾಶ ಇದೆ. ನಾನು ಅರ್ಜಿ ಕೊಟ್ಟೆ. ಹುಡುಗಿ ಬಾಗಿಲು ಒದ್ದದ್ದರ ಬಗ್ಗೆ ಬೇರೆ ದೂರು ಕೊಟ್ಟಳು, ಸರ್ಕಾರಿ ವಕೀಲರು ಅದನ್ನು ಕೋರ್ಟಿನ ಮುಂದಿಟ್ಟರು. ಹೊಸ ಜಾಮೀನುದಾರ ಸಿಗುವವರೆಗೆ ಅವನು ಕೆಲವು ದಿನ ಒಳಗಿದ್ದ. ಬಿಡುವಾಗ, ಹುಡುಗಿಯ ತವರೂರಿಗೆ ಕಾಲಿಡಬಾರದು ಎಂದು ಕೋರ್ಟು ಷರತ್ತು ಹಾಕಿತು.

ಎದುರು ಮನೆಯಾಕೆ ಅವತ್ತಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅದು ನನಗೆ ನೋವಿನ ಸಂಗತಿಯೇ. ಅವರ ಕಣ್ಣೀರೂ ನಿಜವಾದದ್ದೇ ಆಗಿತ್ತು. ಕೇಸು ವರ್ಷಗಟ್ಟಲೆ ಎಳೆದು ಕೊನೆಗೆ ವಿಚ್ಛೇದನ ಆಯಿತು. ಆ ಹುಡುಗಿ ಈಗ ತನ್ನ ಕಾಲ ಮೇಲೆ ನಿಂತಿದ್ದಾಳೆ. ಹಬ್ಬಕ್ಕೆ ಫೋನು ಮಾಡುತ್ತಾಳೆ. ಆ ಸಹಿಯ ಮಾತನ್ನು ಅವಳು ಎತ್ತುವುದಿಲ್ಲ, ನಾನು ಮರೆಯುವುದಿಲ್ಲ.

ಸಹಿ ಹಾಕುವ ಮುನ್ನ

ನಿಮ್ಮ ಹತ್ತಿರವೂ ಸಹಿ ಕೇಳಿಕೊಂಡು ಬರುತ್ತಾರೆ. ಪಹಣಿ ನಿಮ್ಮ ಹೆಸರಿನಲ್ಲಿದ್ದರೆ ಅಣ್ಣ, ಮೈದುನ, ಅಕ್ಕನ ಮಗ ಎಲ್ಲರಿಗೂ ನೀವು ಬೇಕಾಗುತ್ತೀರಿ. ಆ ಸಹಿ ಬರೀ ಶಾಸ್ತ್ರಕ್ಕಲ್ಲ. ಅವನು ಬರದಿದ್ದರೆ ಮುಚ್ಚಳಿಕೆ ಮುಟ್ಟುಗೋಲಾಗುತ್ತದೆ, ಹಣ ಏಕೆ ಕಟ್ಟಬಾರದು ಎಂದು ನಿಮಗೆ ನೋಟಿಸು ಬರುತ್ತದೆ. ತಕ್ಕ ಕಾರಣ ಹೇಳಿದರೆ ಕೋರ್ಟು ಮೊತ್ತ ಕಡಿಮೆ ಮಾಡಬಹುದು. ಕಟ್ಟದಿದ್ದರೆ ದಂಡದಂತೆ ವಸೂಲಿ ಮಾಡಬಹುದು. ವಸೂಲಾಗದಿದ್ದರೆ ಜಾಮೀನುದಾರರನ್ನು ಆರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸಲೂ ಕಾನೂನಿನಲ್ಲಿ ಅವಕಾಶವಿದೆ. ಇದಕ್ಕೆ ಮೊದಲು ಎಷ್ಟು ಜನರಿಗೆ ಜಾಮೀನು ನಿಂತಿದ್ದೀರಿ ಎಂಬುದನ್ನು ನೀವು ಕೋರ್ಟಿಗೆ ಬರೆದುಕೊಡಬೇಕು. ದುಡ್ಡು ಕೊಡುತ್ತೇವೆ, ಪಹಣಿ ಕೊಡಿ ಎಂದು ಕೋರ್ಟಿನ ಹತ್ತಿರ ಯಾರಾದರೂ ಕೇಳಿದರೆ ಅತ್ತ ತಿರುಗಿಯೂ ನೋಡಬೇಡಿ.

ಹಾಗೆಂದು ಜಾಮೀನು ಎಂಬುದೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದು ಬಡವರಿಗೆ ಬೇಕೇ ಬೇಕಾದದ್ದು. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟು ಜಾಮೀನು ಕೊಟ್ಟರೂ, ಕೆಳಗಿನ ಕೋರ್ಟು 10,000 ರೂಪಾಯಿಯ ಜಾಮೀನುದಾರ ಬೇಕು ಎಂದಿತು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಮುಂದೆ ಬಂದರೆ ಬೇರೆ ಜಿಲ್ಲೆಯವನೆಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಖಂಡಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಜಾಮೀನು ಹಕ್ಕಾಗಿರುವ ಅಪರಾಧದಲ್ಲಿ ಒಂದು ವಾರದೊಳಗೆ ಜಾಮೀನುದಾರರನ್ನು ತರಲಾಗದವನನ್ನು ನಿರ್ಗತಿಕನೆಂದು ಭಾವಿಸಿ ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕು ಎಂದು ಇವತ್ತಿನ ಕಾನೂನೂ ಹೇಳುತ್ತದೆ. ನಾಳೆ ನಮ್ಮ ಮಗನ ಮೇಲೋ, ನಮ್ಮ ಮೇಲೆಯೋ ಸುಳ್ಳು ದೂರು ಬಂದರೆ ನಮಗೂ ಇದೇ ಜಾಮೀನು ದಾರಿ. ಆದ್ದರಿಂದ ಯಾರಿಗೂ ಜಾಮೀನು ನಿಲ್ಲಬೇಡಿ ಎನ್ನುವುದಿಲ್ಲ. ಹೆಣ್ಣಿನ ಮೇಲಿನ ದೌರ್ಜನ್ಯದ ಕೇಸಾದರೆ ಮೊದಲು ಆ ಹೆಣ್ಣನ್ನು ಕಂಡು ಮಾತಾಡಿ, ಆಮೇಲೆ ತೀರ್ಮಾನ ಮಾಡಿ ಎನ್ನುತ್ತೇನೆ.

ದೂರು ಕೊಟ್ಟವಳಿಗೆ ಏನಿದೆ

ಜಾಮೀನಿನ ಅರ್ಜಿ ಬಂದಾಗ ದೂರು ಕೊಟ್ಟವಳು ಸುಮ್ಮನೆ ಮನೆಯಲ್ಲಿ ಕೂರಬೇಕಿಲ್ಲ. ನೊಂದವರಿಗೆ ಜಾಮೀನಿನ ಹಂತದಲ್ಲೂ ತಮ್ಮ ಮಾತು ಹೇಳುವ ಹಕ್ಕಿದೆ ಎಂದು 2022ರಲ್ಲಿ ಜಗಜೀತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸರ್ಕಾರಿ ವಕೀಲರನ್ನು ಕಂಡು “ಇವನು ಹೊರಗೆ ಬಂದರೆ ನನಗೆ ಈ ಭಯ ಇದೆ” ಎಂದು ಬರೆದುಕೊಡಿ. ತವರೂರಿಗೆ ಬರಬಾರದು, ಫೋನು ಮಾಡಬಾರದು, ಸಾಕ್ಷಿಗಳನ್ನು ಮುಟ್ಟಬಾರದು ಎಂಬ ಷರತ್ತುಗಳನ್ನು ಕೇಳಿ.

ಕಿರುಕುಳದ ಒಂದು ಪ್ರಕರಣದಲ್ಲಿ ಮಧ್ಯಪ್ರದೇಶದ ಹೈಕೋರ್ಟು, ಆರೋಪಿಯು ಆ ಹೆಣ್ಣಿನ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕೆಂದು ಜಾಮೀನಿನ ಷರತ್ತು ಹಾಕಿತ್ತು. 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಹೆಣ್ಣಿನ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಆರೋಪಿಗೂ ಅವಳಿಗೂ ಭೇಟಿ ಮಾಡಿಸುವಂಥ ಷರತ್ತು ಇರಕೂಡದು, ಜಾಮೀನು ಸಿಕ್ಕಿದ ಸಂಗತಿಯನ್ನು ದೂರುದಾರಳಿಗೆ ಕೂಡಲೇ ತಿಳಿಸಬೇಕು, ಎರಡು ದಿನದೊಳಗೆ ಆದೇಶದ ಪ್ರತಿ ಕೊಡಬೇಕು ಎಂದಿತು. ನಮ್ಮ ಕೇಸುಗಳಲ್ಲೂ ಆದೇಶದ ಪ್ರತಿ ಕೇಳಿ ತೆಗೆದುಕೊಳ್ಳಿ. ಅದರಲ್ಲಿರುವ ಷರತ್ತುಗಳೇ ನಿಮ್ಮ ಕೈಯಲ್ಲಿರುವ ಬಲ.

ಅವನು ಷರತ್ತು ಮುರಿದರೆ ತಾರೀಖು, ಹೊತ್ತು, ನೋಡಿದವರ ಹೆಸರು ಬರೆದಿಡಿ. ಠಾಣೆಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಕಾಗದ ಹಿಡಿದು ಜಾಮೀನು ರದ್ದು ಮಾಡಿ ಎಂದು ಅರ್ಜಿ ಹಾಕಬಹುದು. ಇದರ ಜೊತೆಗೆ 2005ರ ಕೌಟುಂಬಿಕ ಹಿಂಸೆ ಕಾಯಿದೆಯಲ್ಲಿ ರಕ್ಷಣಾ ಆದೇಶ ಪಡೆಯಬಹುದು. ಅದನ್ನು ಮುರಿದವನಿಗೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಹೀಗೆ ಮುರಿಯುವುದೂ ಜಾಮೀನುರಹಿತ ಅಪರಾಧ. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಣ್ಣಿಗೆ, ಅವಳ ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿ. 15100ಕ್ಕೆ ಫೋನು ಮಾಡಬಹುದು. ಮಹಿಳಾ ಸಹಾಯವಾಣಿ 181, ತುರ್ತು ಅಪಾಯಕ್ಕೆ 112.

ಮೊದಲು ಹೇಳಿದ ಆ ತಾಯಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. “ಜಾಮೀನು ಆದೇಶದ ಪ್ರತಿ ತರಿಸೋಣ, ಅದನ್ನು ಓದುವವರೆಗೆ ಮಗಳನ್ನು ಕಳಿಸಬೇಡಿ” ಎಂದೆ ಅಷ್ಟೆ. ಮುಂದಿನ ವಾಯಿದೆಗೆ ಸಂಘದ ನಾಲ್ವರು ಅವರ ಜೊತೆ ಕೋರ್ಟಿಗೆ ಹೋಗಿದ್ದರು. ಅವನ ಕಡೆಯವರು ಎಂಟು ಜನ ಬಂದಿದ್ದರಂತೆ. ಪ್ರತಿ ಸಲವೂ ಅವರ ಕಡೆ ಎಂಟು ಜನ, ನಮ್ಮ ಹುಡುಗಿಯ ಕಡೆ ವಯಸ್ಸಾದ ಅಪ್ಪ ಒಬ್ಬರೇ. ಈ ಸಲ ಹಾಗಾಗಲಿಲ್ಲ.

ಒಂದೇ ಕೋರಿಕೆ. ಮುಂದಿನ ವಾರದ ಸಭೆಯಲ್ಲಿ ನಿಮ್ಮ ನಡವಳಿ ಪುಸ್ತಕದಲ್ಲಿ ಎರಡು ಸಾಲು ಬರೆದು ಎಲ್ಲರೂ ಸಹಿ ಹಾಕಿ. ದೌರ್ಜನ್ಯದ ಕೇಸಿನಲ್ಲಿ ನೊಂದ ಹೆಣ್ಣಿನ ಮಾತು ಕೇಳದೆ ನಮ್ಮಲ್ಲಿ ಯಾರೂ ಜಾಮೀನು ನಿಲ್ಲುವುದಿಲ್ಲ. ಅವಳು ಕೋರ್ಟಿಗೆ ಹೋಗುವ ದಿನ ನಮ್ಮಲ್ಲಿ ಇಬ್ಬರಾದರೂ ಅವಳ ಜೊತೆ ಹೋಗುತ್ತೇವೆ.